ನೆರೆಯೂ ಹೊರೆಯೂ

'ನೆರೆ' ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥಗಳು ಬಳಕೆಯಲ್ಲಿವೆ. ಪಕ್ಕದ ಮನೆಯೂ ನೆರೆ. ದಡ ಮೀರಿ ಮನೆಯೊಳಕ್ಕೆ ನುಗ್ಗುವ ನೀರೂ ನೆರೆ. ಹಾಗೆಯೇ 'ಹೊರೆ' ಎಂಬುದು 'ನೆರೆಹೊರೆ' ಎಂಬ ಜೋಡಿನುಡಿಯಲ್ಲಿ ಪಕ್ಕವೆಂಬ ಅರ್ಥವನ್ನು ಕೊಟ್ಟರೆ, ಒಂಟಿಯಾಗಿ ನಿಂತಾಗ ಭಾರವೆಂಬ ಅರ್ಥವನ್ನು ಕೊಡುತ್ತದೆ. ಒಂದೇ ರೂಪದಲ್ಲಿ ಇಷ್ಟು ಅರ್ಥಗಳು ಸೇರಿರುವುದು ಭಾಷೆಯ ಆಕಸ್ಮಿಕವೋ ಜನದ ಅನುಭವವೋ, ಅದನ್ನು ನಿಘಂಟುಕಾರರ ವಿಚಾರಕ್ಕೆ ಬಿಡೋಣ. ಆದರೆ ವರ್ಷಕ್ಕೊಮ್ಮೆ ನಮ್ಮ ಮನೆಗಳಿಗೆ ಬರುವ ಒಂದು ಕಾಗದದಲ್ಲಿ ಈ ಅರ್ಥಗಳೆಲ್ಲವೂ ಒಟ್ಟಿಗೆ ಕುಳಿತಿರುತ್ತವೆ. ಅದು ವಿಮೆಯ ಕಾಗದ.

ವಿಮೆಯ ಕಂತು ಏರಿತೆಂದರೆ ನಾವು ಮೊದಲು ಕಂಪನಿಯನ್ನು ಬಯ್ಯುತ್ತೇವೆ, ಬಳಿಕ ಸರಕಾರವನ್ನು. ಲಾಭದ ಆಸೆ ಕಂಪನಿಗೆ ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಆ ಕಾಗದವನ್ನು ಸಾವಧಾನವಾಗಿ ಓದಿದವರಿಗೆ ಒಂದು ಸಂಗತಿ ಗೋಚರಿಸದೆ ಇರದು. ನಾವು ತೆರುವ ಹಣದಲ್ಲಿ ಒಂದು ಪಾಲು ನಾವು ಇರುವ ಜಾಗಕ್ಕೆ. ಇನ್ನೊಂದು ಪಾಲು ನಾವು ಆರಿಸಿಕೊಂಡ ವಾಹನಕ್ಕೆ. ಮನೆಯ ಖರ್ಚೆಂದು ನಾವು ಬರೆದುಕೊಳ್ಳುವ ಈ ಹಣ ನಿಜವಾಗಿ ಬೀದಿಯ ಖರ್ಚು. ಬೀದಿಯನ್ನು ಸರಿಪಡಿಸದೆ ಮನೆಯ ಲೆಕ್ಕವನ್ನು ಸರಿಪಡಿಸುತ್ತೇವೆಂಬುದು ಭ್ರಾಂತಿ. ಈ ಮಾತನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕೆಂಬುದೇ ಈ ಲೇಖನದ ಉದ್ದೇಶ.

'ವಿಮೆ' ಎಂಬ ಮಾತು ನಮಗೆ ಪಾರಸಿಯಿಂದ ಬಂದದ್ದು. 'ಬೀಮಾ' ಎಂಬುದರ ಹಿಂದೆ 'ಬೀಮ್' ಇದೆ. ಬೀಮ್ ಎಂದರೆ ಭಯ. ಮಾತು ಹೊರಗಿನದಾದರೂ ಅದರ ಒಳಗಿನ ತತ್ತ್ವ ನಮಗೆ ಹೊಸದಲ್ಲ. ಹಳ್ಳಿಯಲ್ಲಿ ಒಬ್ಬನ ಗುಡಿಸಲು ಸುಟ್ಟರೆ ಒಬ್ಬ ಬಿದಿರು, ಒಬ್ಬ ಹುಲ್ಲು, ಒಬ್ಬ ಒಂದು ದಿನದ ಮೈದುಡಿಮೆ ಕೊಡುತ್ತಿದ್ದರು. ಬೇಸಾಯದಲ್ಲಿ ಮುಯ್ಯಾಳಿನ ಪದ್ಧತಿಯೂ ಇದೇ ಬಗೆಯದು: ಇಂದು ನನ್ನ ಗದ್ದೆಗೆ ನೀನು, ನಾಳೆ ನಿನ್ನ ಗದ್ದೆಗೆ ನಾನು. 'ಹತ್ತು ಜನರ ಕಡ್ಡಿ ಒಬ್ಬನ ತಲೆಹೊರೆ' ಎಂಬ ಗಾದೆಗಿಂತ ಅಡಕವಾಗಿ ವಿಮೆಯ ತತ್ತ್ವವನ್ನು ಯಾವ ಅರ್ಥಶಾಸ್ತ್ರಜ್ಞನೂ ಹೇಳಲಾರ. ೧೮೯೧ರಲ್ಲಿಯೇ ಮೈಸೂರು ಸಂಸ್ಥಾನವು ತನ್ನ ನೌಕರರಿಗಾಗಿ ಜೀವವಿಮೆಯ ಯೋಜನೆಯೊಂದನ್ನು ಆರಂಭಿಸಿದ್ದುದು ಇಲ್ಲಿ ಸ್ಮರಣೀಯ. ಅದರ ಮುಂದುವರಿಕೆಯಾದ ಸರಕಾರಿ ವಿಮಾ ಇಲಾಖೆ ಇಂದಿಗೂ ನಡೆದಿದೆ.

ಮುಯ್ಯಿಗೂ ವಿಮೆಗೂ ಒಂದು ವ್ಯತ್ಯಾಸವುಂಟು. ಮುಯ್ಯಿಯಲ್ಲಿ ಯಾರೂ ತಕ್ಕಡಿ ಹಿಡಿಯುವುದಿಲ್ಲ. ವಿಮೆಯಲ್ಲಿ ತಕ್ಕಡಿ ಇಲ್ಲದೆ ನಡೆಯುವುದಿಲ್ಲ. ೧೬೬೬ರ ಬೆಂಕಿಯಲ್ಲಿ ಲಂಡನ್ ನಗರದ ಸುಮಾರು ೧೩,೨೦೦ ಮನೆಗಳು ಸುಟ್ಟುಹೋದುವು. ಅನಂತರ ೧೬೮೦ರ ಸುಮಾರಿಗೆ ನಿಕೊಲಸ್ ಬಾರ್ಬನ್ ಎಂಬ ವೈದ್ಯನೊಬ್ಬ ಮನೆಗಳಿಗೆ ಅಗ್ನಿವಿಮೆ ಮಾಡುವ ಕಚೇರಿ ತೆರೆದ. ಇಟ್ಟಿಗೆಯ ಮನೆಗೆ ಅವನು ಹಾಕಿದ ದರದ ಎರಡರಷ್ಟು ದರ ಮರದ ಮನೆಗೆ. ಅಂದಿನಿಂದಲೇ ತೂಕ ಆರಂಭವಾಯಿತು. ಆದರೆ ಅಂದಿನ ಕಂಪನಿಗಳು ಇನ್ನೊಂದು ಕೆಲಸವನ್ನೂ ಮಾಡಿದುವು. ತಾವು ವಿಮೆ ಕೊಟ್ಟ ಮನೆಗಳ ಗೋಡೆಗೆ ಲೋಹದ ಬಿಲ್ಲೆಯನ್ನು ಹೊಡೆದು, ಬೆಂಕಿ ಆರಿಸುವ ತಮ್ಮದೇ ದಳಗಳನ್ನು ಇಟ್ಟುಕೊಂಡುವು. ಹಣ ಪಡೆಯುವುದರ ಜೊತೆಗೆ ಅಪಾಯವನ್ನು ತಗ್ಗಿಸುವುದೂ ವಿಮೆಯವನ ಕೆಲಸವೆಂಬ ತಿಳಿವಳಿಕೆ ಆಗ ಇತ್ತು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು; ಇದರ ಪ್ರಯೋಜನ ಮುಂದೆ ಬರುತ್ತದೆ.

ಮನೆಯ ಗೋಡೆಯನ್ನು ನೋಡಿದ ಕಣ್ಣು ಕ್ರಮೇಣ ನೆರೆಮನೆಯನ್ನೂ ನೋಡಿತು. ಪಕ್ಕದ ಮನೆ ಸುಟ್ಟರೆ ಕಿಡಿ ಈ ಮನೆಗೂ ಹಾರೀತಲ್ಲವೆ? ಅಮೆರಿಕದಲ್ಲಿ ೧೮೬೭ರಲ್ಲಿ ಸ್ಥಾಪಿತವಾದ ಸ್ಯಾನ್‌ಬಾರ್ನ್ ಕಂಪನಿಯು ಊರೂರುಗಳ ನಕ್ಷೆಗಳನ್ನು ಬರೆದು ವಿಮಾ ಕಂಪನಿಗಳಿಗೆ ಮಾರಿತು. ಯಾವ ಕಟ್ಟಡ ಇಟ್ಟಿಗೆಯದು, ಯಾವುದು ಮರದ್ದು, ನೀರಿನ ಕೊಳವೆ ಎಲ್ಲಿದೆ, ಎಲ್ಲವನ್ನೂ ಆ ನಕ್ಷೆಗಳಲ್ಲಿ ಕಾಣಿಸಿತ್ತು. ಹೀಗೆ ನೆರೆಹೊರೆಯೆಂಬುದು ಲೆಕ್ಕದ ಪುಸ್ತಕವನ್ನು ಪ್ರವೇಶಿಸಿತು.

ನಮ್ಮ ದೇಶದಲ್ಲಿ ಈ ಲೆಕ್ಕ ಬಹುಕಾಲ ಸ್ಥೂಲವಾಗಿಯೇ ಇತ್ತು. ೨೦೦೨ರ ಮೋಟಾರು ವಿಮೆಯ ದರಪಟ್ಟಿಯು ಕಾರು ಮತ್ತು ದ್ವಿಚಕ್ರ ವಾಹನಗಳ ಮಟ್ಟಿಗೆ ಇಡೀ ಭಾರತವನ್ನು ಎರಡೇ ವಲಯಗಳಾಗಿ ವಿಂಗಡಿಸಿತ್ತು. ಅಹಮದಾಬಾದು, ಬೆಂಗಳೂರು, ಚೆನ್ನೈ, ಹೈದರಾಬಾದು, ಕೋಲ್ಕತ್ತ, ಮುಂಬಯಿ, ನವದೆಹಲಿ, ಪುಣೆ, ಈ ಎಂಟು ನಗರಗಳು ಮೊದಲನೆಯ ವಲಯ. ಉಳಿದ ದೇಶವೆಲ್ಲ ಎರಡನೆಯದು. ೧೦೦೦ ಸಿ.ಸಿ. ಮೀರದ, ಐದು ವರ್ಷ ತುಂಬದ ಕಾರಿಗೆ ಅದರ ಘೋಷಿತ ಬೆಲೆಯ ಮೇಲೆ ಬೆಂಗಳೂರಿನಲ್ಲಿ ನೂರಕ್ಕೆ ೩.೧೨೭ ರೂಪಾಯಿ, ಮೈಸೂರಿನಲ್ಲಿ ೩.೦೩೯ ರೂಪಾಯಿ. ಐದು ಲಕ್ಷ ಬೆಲೆಯ ಕಾರಿಗೆ ಇಲ್ಲಿ ೧೫,೬೩೫, ಅಲ್ಲಿ ೧೫,೧೯೫. ಬೆಂಗಳೂರಿನ ದಟ್ಟಣೆಗೆ, ಕಳವಿಗೆ, ತರಚು ಗಾಯಗಳಿಗೆ ಆ ಪಟ್ಟಿ ಕಟ್ಟಿದ ಬೆಲೆ ೪೪೦ ರೂಪಾಯಿ. ಕೆರೆಯಂಗಳದಲ್ಲಿ ಇರುವವನಿಗೂ ದಿಬ್ಬದ ಮೇಲೆ ಇರುವವನಿಗೂ ಅದೇ ದರ. ಸೂಕ್ಷ್ಮತೆ ಇಲ್ಲದಿದ್ದರೂ ಅದರಲ್ಲಿ ಒಂದು ಬಗೆಯ ಮುಯ್ಯಿ ಇತ್ತು.

೨೦೦೭ರ ಜನವರಿ ೧ರಿಂದ ಸ್ವಂತ ವಾಹನದ ಹಾನಿಯ ವಿಮೆಯ ಮೇಲಿನ ದರ ನಿರ್ಬಂಧವನ್ನು ತೆಗೆದುಹಾಕಲಾಯಿತು. ಅಂದಿನಿಂದ ಕಂಪನಿಗಳು ತಮ್ಮ ತಮ್ಮ ಅನುಭವದಂತೆ ದರ ಕಟ್ಟಬಹುದು. ವಾಹನ ಯಾವ ಊರಿನ ಕಚೇರಿಯಲ್ಲಿ ನೋಂದಣಿಯಾಗಿದೆ, ಅದರ ಮಾದರಿ ಯಾವುದು, ಆ ಮಾದರಿಗೆ ಹಿಂದೆ ಎಷ್ಟು ಪರಿಹಾರ ಕೊಡಬೇಕಾಯಿತು, ಇವೆಲ್ಲವೂ ಈಗ ತಕ್ಕಡಿಗೆ ಬೀಳುತ್ತವೆ. ಜರಡಿಯ ಕಣ್ಣು ಸಣ್ಣದಾಗುತ್ತ ಬಂದಿದೆ. ಇನ್ನೂ ಸಣ್ಣದಾಗುವ ಸಾಧ್ಯತೆಯೂ ಇದೆ.

ಈಗ ಜಾಗದ ಮಾತಿಗೆ ಬರೋಣ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರು ಎತ್ತರದ ಬೆನ್ನಿನ ಮೇಲೆ ಕುಳಿತ ಊರು. ಇಲ್ಲಿ ಬಿದ್ದ ನೀರು ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಕಣಿವೆಗಳಲ್ಲಿ ಕೆರೆಯಿಂದ ಕೆರೆಗೆ, ರಾಜಕಾಲುವೆಗಳ ಮೂಲಕ ಇಳಿಯುತ್ತಿತ್ತು. ದೊಡ್ಡ ನದಿಯಿಲ್ಲದ ಊರಿಗೆ ನೆರೆ ಬರಬೇಕಾದ ಕಾರಣವೇ ಇಲ್ಲ. ಆದರೆ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು; ಸಂಪಂಗಿ ಕೆರೆ ಕ್ರೀಡಾಂಗಣವಾಯಿತು; ಇನ್ನೆಷ್ಟೋ ಕೆರೆಗಳು ಬಡಾವಣೆಗಳಾದುವು. ಕಾಲುವೆಗಳ ಮೇಲೆ ಗೋಡೆಗಳು ಎದ್ದುವು. ೨೦೨೨ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆಗಳ ಆಸುಪಾಸಿನಲ್ಲಿ ಬೆಲೆಬಾಳುವ ಕಾರುಗಳು ನೀರಿನಲ್ಲಿ ಮುಳುಗಿದುದನ್ನೂ, ಜನರನ್ನು ದೋಣಿಗಳಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ಸಾಗಿಸಿದುದನ್ನೂ ನಾಡೆಲ್ಲ ಕಂಡಿತು. ೨೦೨೫ರ ಮೇ ತಿಂಗಳಿನಲ್ಲಿ ಹೊರಮಾವಿನ ಸಾಯಿ ಬಡಾವಣೆ ಮತ್ತೆ ಮುಳುಗಿತು. ನೀರು ತನ್ನ ಹಳೆಯ ವಿಳಾಸವನ್ನು ಮರೆಯುವುದಿಲ್ಲ.

ನಮ್ಮ ಬಡಾವಣೆಯೂ ಇಂಥದೊಂದು ಹಳೆಯ ಕೆರೆಯ ಕೋಡಿಯ ಕೆಳಗಿದೆ. ಕೆಲವು ವರ್ಷಗಳ ಹಿಂದೆ ಒಂದು ರಾತ್ರಿಯ ಮಳೆಗೆ ನಮ್ಮ ಬೀದಿಯ ತಗ್ಗಿನಲ್ಲಿ ನಿಂತಿದ್ದ ವಾಹನಗಳಿಗೆಲ್ಲ ನೀರು ಹೊಕ್ಕಿತು. ನೆರೆಮನೆಯ ಹಿರಿಯರು, ನಿವೃತ್ತ ನೌಕರರು, ಬೆಳಗ್ಗೆ ಗಾಬರಿಯಿಂದ ಕಾರಿನ ಕೀಲಿ ತಿರುಗಿಸಿದರು. ಎಂಜಿನ್ನು ಕೆಟ್ಟಿತು. ಪರಿಹಾರ ಕೇಳಿದಾಗ ಕಂಪನಿ ಒಪ್ಪಲಿಲ್ಲ. ಅವರು ಪಾಲಿಸಿಯನ್ನು ತಂದು ನನ್ನ ಕೈಗಿತ್ತು, "ಮೇಷ್ಟ್ರೇ, ಓದಿ ಅರ್ಥ ಹೇಳಿ" ಎಂದರು. ಅರ್ಥ ಇಷ್ಟು: ನೆರೆಯಿಂದ ಆದ ಹಾನಿ ವಿಮೆಯೊಳಗಿದೆ, ನೀರು ತುಂಬಿದ ಎಂಜಿನ್ನನ್ನು ಚಾಲೂ ಮಾಡಿದ್ದರಿಂದ ಆದ ಹಾನಿ ಅದರ ಹೊರಗಿದೆ. ಅದಕ್ಕೆ ಎಂಜಿನ್ ರಕ್ಷಣೆಯೆಂಬ ಬೇರೆ ಕವಚವನ್ನು ಹೆಚ್ಚಿನ ಹಣ ಕೊಟ್ಟು ಮೊದಲೇ ಪಡೆದಿರಬೇಕು. ಇಂಥ ಕಾಗದ ಕನ್ನಡದಲ್ಲಿ, ತಿಳಿಯಾದ ವಾಕ್ಯಗಳಲ್ಲಿ ಬಂದಿದ್ದರೆ ಆ ಹಿರಿಯರು ಕೀಲಿ ಮುಟ್ಟುವ ಮುನ್ನ ಮೆಕ್ಯಾನಿಕ್ಕನನ್ನು ಕರೆಯುತ್ತಿದ್ದರು. ಮರುವರ್ಷ ನಮ್ಮ ಬೀದಿಯವರೆಲ್ಲರೂ ಎಂಜಿನ್ ರಕ್ಷಣೆಯನ್ನು ಕೊಂಡರು. ಬಳಿದು ಹಾಕದ ಚರಂಡಿಯ ಹೂಳಿಗೆ ಹೀಗೆ ಮನೆಮನೆಯೂ ಪ್ರತ್ಯೇಕವಾಗಿ, ಪ್ರತಿವರ್ಷವೂ ಕಂದಾಯ ಕಟ್ಟತೊಡಗಿತು. ಚರಂಡಿ ಮಾತ್ರ ಹಾಗೆಯೇ ಉಳಿಯಿತು.

ವಾಹನದ ಆಯ್ಕೆಯ ಕಡೆಗೆ ನೋಡಿದರೆ ಅಲ್ಲಿಯೂ ಇದೇ ಕತೆ. ಒಂದು ಕಾಲಕ್ಕೆ ಅಧ್ಯಾಪಕನ ಮನೆಗೆ ಸೈಕಲ್ಲು ಸಾಕಾಗಿತ್ತು. ಬಳಿಕ ಸ್ಕೂಟರು ಬಂತು, ಸಣ್ಣ ಕಾರು ಬಂತು. ಈಗ ಎತ್ತರದ ದೊಡ್ಡ ಕಾರಿನ ಕಾಲ. ಅನ್ಯರಿಗೆ ಆಗುವ ಹಾನಿಯ ವಿಮೆ, ಎಂದರೆ ಎಲ್ಲರೂ ಥರ್ಡ್ ಪಾರ್ಟಿ ಎಂದು ಕರೆಯುವ ವಿಮೆ, ಕಾನೂನಿನ ಪ್ರಕಾರ ಕಡ್ಡಾಯ. ಅದರ ದರವನ್ನು ಕಂಪನಿಯಲ್ಲ, ಕೇಂದ್ರ ಸರಕಾರ ನಿಗದಿ ಮಾಡುತ್ತದೆ. ೨೦೨೨ರ ಜೂನ್ ೧ರಿಂದ ಜಾರಿಗೆ ಬಂದ ಪಟ್ಟಿಯಂತೆ ೧೦೦೦ ಸಿ.ಸಿ.ವರೆಗಿನ ಕಾರಿಗೆ ವರ್ಷಕ್ಕೆ ೨,೦೯೪ ರೂಪಾಯಿ, ೧೫೦೦ ಸಿ.ಸಿ.ವರೆಗೆ ೩,೪೧೬, ಅದನ್ನು ಮೀರಿದರೆ ೭,೮೯೭. ಸಣ್ಣ ಕಾರನ್ನು ಬಿಟ್ಟು ದೊಡ್ಡ ಎಂಜಿನ್ನಿನ ಕಾರಿಗೆ ಹೋದ ಸಂಸಾರ ಈ ಒಂದು ಬಾಬ್ತಿಗೇ ಮೂರೂಮುಕ್ಕಾಲು ಪಟ್ಟು ತೆರುತ್ತದೆ. ಬೈಕುಗಳಲ್ಲಿಯೂ ಅಷ್ಟೆ: ೭೫ ಸಿ.ಸಿ. ಮೀರಿ ೧೫೦ ಸಿ.ಸಿ.ವರೆಗಿನದಕ್ಕೆ ೭೧೪, ೩೫೦ರವರೆಗೆ ೧,೩೬೬, ಅದಕ್ಕೂ ಮೇಲೆ ೨,೮೦೪. ವಿದ್ಯುತ್ ವಾಹನಗಳಿಗೆ ನೂರಕ್ಕೆ ೧೫ರಷ್ಟು ರಿಯಾಯಿತಿ ಕೊಟ್ಟುದರಿಂದ ಸಾಧಾರಣ ಬಲದ ವಿದ್ಯುತ್ ಸ್ಕೂಟರಿಗೆ ೬೦೭ ರೂಪಾಯಿ ಸಾಕು.

ಹಾಗೆಂದು ವಿದ್ಯುತ್ ವಾಹನ ಎಲ್ಲ ಬಗೆಯಲ್ಲಿಯೂ ಅಗ್ಗವೆಂದು ತಿಳಿಯಬಾರದು. ಅದರ ಬೆಲೆಯ ದೊಡ್ಡದೊಂದು ಪಾಲು ಬ್ಯಾಟರಿಯಲ್ಲಿದೆ. ಬೆಲೆ ಹೆಚ್ಚಾದಷ್ಟೂ ಸ್ವಂತ ಹಾನಿಯ ವಿಮೆಯ ಕಂತು ಹೆಚ್ಚು. ತಗ್ಗು ಪ್ರದೇಶದಲ್ಲಿ ಬ್ಯಾಟರಿಗೆ ನೀರಿನ ಚಿಂತೆಯೂ ಸೇರುತ್ತದೆ. ಒಂದು ಕೈಯಲ್ಲಿ ಕೊಟ್ಟ ರಿಯಾಯಿತಿಯನ್ನು ಬೀದಿಯ ನೀರು ಇನ್ನೊಂದು ಕೈಯಲ್ಲಿ ಕಸಿದುಕೊಳ್ಳಬಹುದು. ವಾಹನವೂ ಜಾಗವೂ ಬೇರೆ ಬೇರೆ ಲೆಕ್ಕಗಳಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ದರಪಟ್ಟಿ ನೋಡುವುದು ಎಂಜಿನ್ನಿನ ಗಾತ್ರವನ್ನು ಮಾತ್ರ, ವಾಹನದ ಎತ್ತರವನ್ನಲ್ಲ. ಎಂಜಿನ್ನು ೧೫೦೦ ಸಿ.ಸಿ. ಒಳಗೇ ಇರುವ ಎತ್ತರದ ಕಾರೂ ತಗ್ಗಿನ ಕಾರೂ ಅಲ್ಲಿ ಸಮಾನ. ಆದರೆ ಬೀದಿಯಲ್ಲಿ ನಡೆಯುವವನಿಗೆ ಅವು ಸಮಾನವಲ್ಲ. ಅಮೆರಿಕದಲ್ಲಿ ವಿಮಾ ಕಂಪನಿಗಳೇ ಹಣ ಕೊಟ್ಟು ನಡೆಸುವ ಹೆದ್ದಾರಿ ಸುರಕ್ಷಾ ಸಂಸ್ಥೆಯೊಂದು ೨೦೨೩ರಲ್ಲಿ ತನ್ನ ಅಧ್ಯಯನವನ್ನು ಪ್ರಕಟಿಸಿತು. ಮುಂಭಾಗ ೪೦ ಅಂಗುಲಕ್ಕಿಂತ ಎತ್ತರವಿರುವ ವಾಹನಗಳು ಪಾದಚಾರಿಗೆ ಬಡಿದಾಗ ಸಾವುಂಟಾಗುವ ಸಂಭವವು, ತಗ್ಗಿನ ಇಳಿಜಾರು ಮೂತಿಯ ವಾಹನಗಳಿಗಿಂತ ನೂರಕ್ಕೆ ಸುಮಾರು ೪೫ರಷ್ಟು ಹೆಚ್ಚೆಂದು ಅದರಲ್ಲಿ ಕಂಡುಬಂತು. ಬೀದಿ ಹೊಂಡಮಯವಾಗಿದೆ, ನೀರು ನಿಲ್ಲುತ್ತದೆ ಎಂಬ ಕಾರಣಕ್ಕೆ ನಾವು ಎತ್ತರದ ವಾಹನ ಕೊಳ್ಳುತ್ತೇವೆ. ಅದರಿಂದ ಅದೇ ಬೀದಿ ಕಾಲ್ನಡಿಗೆಯವರಿಗೆ ಇನ್ನಷ್ಟು ಅಪಾಯಕರವಾಗುತ್ತದೆ. ತನ್ನ ಭಯವನ್ನು ನೆರೆಯವನ ತಲೆಗೆ ದಾಟಿಸುವ ಈ ಉಪಾಯಕ್ಕೆ ಕ್ಷೇಮವೆಂಬ ಹೆಸರು ಸಲ್ಲದು.

ವಾಹನಕ್ಕಾದರೂ ಕಾನೂನಿನ ಒತ್ತಾಯವಿದೆ. ಮನೆಗೆ ಅದೂ ಇಲ್ಲ. ಜೀವಮಾನದ ಗಳಿಕೆಯನ್ನೆಲ್ಲ ಹಾಕಿ ಕಟ್ಟಿದ ಮನೆಗೆ ವಿಮೆಯಿಲ್ಲ, ಮುಂದೆ ನಿಂತ ಕಾರಿಗೆ ವಿಮೆಯಿದೆ ಎಂಬ ವೈಚಿತ್ರ್ಯ ನಮ್ಮಲ್ಲಿ ಸರ್ವಸಾಮಾನ್ಯ. ೨೦೨೧ರ ಏಪ್ರಿಲ್ ೧ರಿಂದ 'ಭಾರತ್ ಗೃಹ ರಕ್ಷಾ' ಎಂಬ ಏಕರೂಪದ ಪಾಲಿಸಿಯನ್ನು ಕಂಪನಿಗಳೆಲ್ಲ ಕೊಡಬೇಕೆಂದು ನಿಯಮವಾಯಿತು. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ನೆರೆ, ಭೂಕುಸಿತಗಳು ಅದರಲ್ಲಿ ಸೇರಿವೆ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಮನೆಯ ಸಾಮಾನಿಗೆ ಆ ಮೊತ್ತದ ನೂರಕ್ಕೆ ೨೦ರಷ್ಟು, ಹತ್ತು ಲಕ್ಷ ಮೀರದಂತೆ, ತಾನಾಗಿಯೇ ದೊರೆಯುತ್ತದೆ. ೨೦೧೮ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿ ಮನೆಗಳು ನೆಲಸಮವಾದುದನ್ನು ನೆನೆದರೆ ಭೂಕುಸಿತವೆಂಬ ಒಂದು ಮಾತಿನ ಬೆಲೆ ತಿಳಿಯುತ್ತದೆ. ಅಂಗಳದಲ್ಲಿ ನಿಂತ ವಾಹನಕ್ಕೆ ಈ ಪಾಲಿಸಿ ಅನ್ವಯಿಸದು. ಅದಕ್ಕೆ ಅದರದೇ ಕಾಗದ ಬೇಕು. ವಿಶೇಷವಾಗಿ ಹೇಳದಿದ್ದರೆ ಹಸ್ತಪ್ರತಿಗಳೂ ಇದರ ಹೊರಗೆ! ಸಾಹಿತಿಗಳು ತಮ್ಮ ಬರಹಗಳನ್ನು ಅಟ್ಟದ ಮೇಲೆ ಇಟ್ಟುಕೊಳ್ಳುವುದೇ ಲೇಸು.

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕು. "ತಗ್ಗಿನಲ್ಲಿ ಮನೆ ಕೊಂಡವನು ಹೆಚ್ಚು ತೆರಲಿ, ದಿಬ್ಬದ ಮೇಲಿರುವ ನಾನು ಅವನ ಹೊರೆಯನ್ನು ಏಕೆ ಹೊರಲಿ?" ಎಂದು ಕೇಳುವವರುಂಟು. ಈ ಪ್ರಶ್ನೆಯಲ್ಲಿ ನ್ಯಾಯದ ಅಂಶವಿಲ್ಲದೆ ಇಲ್ಲ. ಅಪಾಯದ ಬೆಲೆ ಕಾಣದಿದ್ದರೆ ಜನ ಕೆರೆಯಂಗಳದಲ್ಲಿ ಮನೆ ಕಟ್ಟುತ್ತಲೇ ಹೋಗುತ್ತಾರೆ. ಆದರೆ ದಿಬ್ಬದ ಮೇಲಿನವನು ತನ್ನ ಅಂಗಳಕ್ಕೆಲ್ಲ ಸಿಮೆಂಟು ಹಾಕಿಸಿದ್ದಾನೆ. ಅವನ ತಾರಸಿಯ ನೀರೂ ಅಂಗಳದ ನೀರೂ ಇಂಗದೆ ಇಳಿದುಬರುವುದು ತಗ್ಗಿನವನ ಹೊಸ್ತಿಲಿಗೆ. ಕಾಲುವೆಯನ್ನು ಒತ್ತಿದವನೊಬ್ಬ, ನಕ್ಷೆಗೆ ಒಪ್ಪಿಗೆ ಕೊಟ್ಟವನೊಬ್ಬ, ಕಂತು ಕಟ್ಟುವವನು ಮತ್ತೊಬ್ಬ. 'ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ' ಎಂಬುದು ಇದಕ್ಕೇ ಅಲ್ಲವೆ?

ಜರಡಿ ಅತಿ ಸಣ್ಣದಾದರೆ ಇನ್ನೊಂದು ಅಪಾಯವೂ ಇದೆ. ಪ್ರತಿಯೊಬ್ಬನ ಅಪಾಯವನ್ನೂ ಅವನವನಿಗೇ ತೂಗಿ ಕೊಟ್ಟರೆ ಹಂಚಿಕೆಯೆಂಬುದು ಉಳಿಯುವುದಿಲ್ಲ. ಹತ್ತು ಜನರ ಕಡ್ಡಿ ಮತ್ತೆ ಹತ್ತು ಕಡ್ಡಿಗಳಾಗುತ್ತದೆ. ಕೊನೆಗೆ, ಯಾರಿಗೆ ವಿಮೆ ಎಲ್ಲರಿಗಿಂತ ಹೆಚ್ಚಾಗಿ ಬೇಕೋ ಅವರಿಗೇ ಅದು ದೊರೆಯದಂತಾಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಇದು ಕಣ್ಣಿಗೆ ಕಂಡಿದೆ. ಕಾಡ್ಗಿಚ್ಚು ಮೊದಲಾದ ವಿಪತ್ತುಗಳ ಭಯ ಹೆಚ್ಚಿ, ಅಲ್ಲಿಯ ಅತ್ಯಂತ ದೊಡ್ಡ ಗೃಹವಿಮಾ ಕಂಪನಿಯಾದ ಸ್ಟೇಟ್ ಫಾರ್ಮ್ ೨೦೨೩ರ ಮೇ ತಿಂಗಳಿನಲ್ಲಿ ಹೊಸ ಅರ್ಜಿಗಳನ್ನು ಸ್ವೀಕರಿಸುವುದನ್ನೇ ನಿಲ್ಲಿಸಿತು. ೨೦೨೫ರ ಜನವರಿಯಲ್ಲಿ ಲಾಸ್ ಏಂಜಲೀಸ್ ನಗರದ ಅಂಚಿನ ಬಡಾವಣೆಗಳು ಸುಟ್ಟು ಬೂದಿಯಾದುವು. ಅದೇ ಕ್ಯಾಲಿಫೋರ್ನಿಯದ ಜನ ೧೯೮೮ರಲ್ಲಿ ಮತದಾನದ ಮೂಲಕ ಒಂದು ಕಾನೂನು ಮಾಡಿಕೊಂಡಿದ್ದರು: ಕಾರಿನ ವಿಮೆಯ ದರವು ಮುಖ್ಯವಾಗಿ ಚಾಲಕನ ನಡತೆ, ವರ್ಷಕ್ಕೆ ಓಡಿಸುವ ದೂರ, ಚಾಲನೆಯ ಅನುಭವ, ಈ ಮೂರನ್ನು ಆಧರಿಸಬೇಕು, ವಾಸಿಸುವ ಕೇರಿಯನ್ನಲ್ಲ. ಎಷ್ಟು ತೂಗಬೇಕು, ಎಷ್ಟು ಹಂಚಿಕೊಳ್ಳಬೇಕು ಎಂಬುದನ್ನು ಲೆಕ್ಕಿಗರಿಗೆ ಮಾತ್ರ ಬಿಡದೆ ಜನರೂ ಆಲೋಚಿಸಬೇಕೆಂಬ ವಿವೇಕ ಇದರಲ್ಲಿದೆ.

ಹಾಗಾದರೆ ದಾರಿ ಯಾವುದು? ಸಂಸಾರದ ಮಟ್ಟಿಗೆ ಮಾಡಬಹುದಾದುದು ಸ್ವಲ್ಪವಿದೆ. ವಾಹನ ಕೊಳ್ಳುವ ಮುನ್ನ ಅಂಗಡಿಯ ಬೆಲೆಯೊಡನೆ ವರ್ಷವರ್ಷದ ಕಂತನ್ನೂ ಕೂಡಿಸಿ ನೋಡಬೇಕು. ಪರಿಹಾರ ಬೇಡದೆ ಕಳೆದ ವರ್ಷಗಳಿಗೆ ದೊರೆಯುವ ನೋ ಕ್ಲೇಮ್ ಬೋನಸ್ಸು ನೂರಕ್ಕೆ ೨೦ರಿಂದ ೫೦ರವರೆಗೂ ಏರುತ್ತದೆ. ಅದು ವಾಹನಕ್ಕಲ್ಲ, ಒಡೆಯನಿಗೆ ಸೇರಿದ್ದು. ಹಳೆಯ ಕಾರು ಮಾರಿ ಹೊಸದನ್ನು ಕೊಂಡಾಗ ಅದನ್ನು ಕೇಳಿ ಪಡೆಯಬೇಕು. ಪಾಲಿಸಿಯ ಅವಧಿ ಮುಗಿದು ತೊಂಬತ್ತು ದಿನ ಸುಮ್ಮನಿದ್ದರೆ ಅದು ಕೈಬಿಟ್ಟುಹೋಗುತ್ತದೆ.

ಆದರೆ ಮುಖ್ಯವಾದ ಕೆಲಸ ಬೀದಿಗೆ ಸೇರಿದ್ದು. ಹಳೆಯ ದರಪಟ್ಟಿಯಲ್ಲಿ ಕಳ್ಳತನ ತಡೆಯುವ ಅಂಗೀಕೃತ ಸಾಧನವನ್ನು ಕಾರಿಗೆ ಅಳವಡಿಸಿದವನಿಗೆ ಸ್ವಂತ ಹಾನಿಯ ಕಂತಿನಲ್ಲಿ ನೂರಕ್ಕೆ ಎರಡೂವರೆ, ೫೦೦ ರೂಪಾಯಿ ಮೀರದಂತೆ, ರಿಯಾಯಿತಿ ಇತ್ತು. ಒಬ್ಬನ ಬೀಗಕ್ಕೆ ಬಹುಮಾನವಿದೆ. ನೂರು ಜನ ಸೇರಿ ತೆರವು ಮಾಡಿಸಿದ ಕಾಲುವೆಗೆ ಏಕಿರಬಾರದು? ಇದು ಕನಸಿನ ಮಾತಲ್ಲ. ಅಮೆರಿಕದ ಸರಕಾರಿ ನೆರೆವಿಮಾ ಯೋಜನೆಯಲ್ಲಿ ೧೯೯೦ರಿಂದ ಊರುಗಳಿಗೇ ದರ್ಜೆ ಕೊಡುವ ಪದ್ಧತಿಯಿದೆ. ಊರಿನ ಆಡಳಿತ ಕಾಲುವೆಗಳನ್ನು ಕಾಪಾಡಿದರೆ, ತಗ್ಗು ನೆಲವನ್ನು ಬಯಲಾಗಿ ಉಳಿಸಿದರೆ, ನೆರೆಯ ನಕ್ಷೆಯನ್ನು ಜನರಿಗೆ ತಿಳಿಸಿದರೆ, ಆ ಊರಿನ ಪಾಲಿಸಿದಾರರ ಕಂತು ದರ್ಜೆಗೆ ತಕ್ಕಂತೆ ನೂರಕ್ಕೆ ೫ರಿಂದ ೪೫ರವರೆಗೆ ಇಳಿಯುತ್ತದೆ. ಲಂಡನ್ನಿನ ಬೆಂಕಿ ದಳಗಳ ಹಿಂದಿದ್ದ ತಿಳಿವಳಿಕೆಯೇ ಇಲ್ಲಿ ಊರಿನ ಪ್ರಮಾಣಕ್ಕೆ ಬೆಳೆದಿದೆ. ನಮ್ಮ ವಿಮಾ ಪ್ರಾಧಿಕಾರವೂ ಕಂಪನಿಗಳೂ ನಗರಪಾಲಿಕೆಗಳೂ ಕೂಡಿ ಇಂಥದನ್ನು ಬಡಾವಣೆಗಳ ಮಟ್ಟದಲ್ಲಿ ಪ್ರಯೋಗಿಸಿ ನೋಡಬಹುದು. ಪರಿಹಾರದ ಅರ್ಜಿಗಳಿಂದ ಯಾವ ಬೀದಿಯಲ್ಲಿ ಎಷ್ಟು ನೀರು ನಿಂತಿತೆಂಬುದು ಕಂಪನಿಗಳಿಗೆ ಗೊತ್ತು. ದರ ಏರಿಸುವುದಕ್ಕೆ ಉಪಯೋಗಿಸುವ ಆ ಜ್ಞಾನವನ್ನು ಕಾಲುವೆ ಸರಿಪಡಿಸುವವರಿಗೂ ಒದಗಿಸಬೇಕು. ೨೦೨೫ರಲ್ಲಿ ಬೆಂಗಳೂರು ಐದು ನಗರಪಾಲಿಕೆಗಳಾಗಿ ಹಂಚಿಹೋಯಿತು. ನೀರಿಗೆ ಆ ಗಡಿಗಳು ತಿಳಿಯವಾದ್ದರಿಂದ ಐವರೂ ಒಂದೇ ನಕ್ಷೆಯನ್ನು ಇಟ್ಟುಕೊಳ್ಳುವುದು ಅವಶ್ಯ.

ಪ್ರತಿ ಬಡಾವಣೆಯ ನಿವಾಸಿಗಳ ಸಂಘವೂ ತನ್ನ ಸದಸ್ಯರು ವರ್ಷದಲ್ಲಿ ಕಟ್ಟಿದ ವಾಹನದ ಕಂತು, ಮನೆಯ ಕಂತು, ಹೆಚ್ಚುವರಿ ರಕ್ಷಣೆಗಳ ಹಣ, ಇವನ್ನೆಲ್ಲ ಕೂಡಿಸಿ ಒಮ್ಮೆ ನೋಡಲಿ ಎಂಬುದು ನನ್ನ ಸೂಚನೆ. ಆ ಮೊತ್ತವನ್ನು ಬರೆದುಕೊಂಡು ನಗರಪಾಲಿಕೆಯ ಎಂಜಿನಿಯರರ ಮುಂದೆ ಹೋದರೆ ಆಡುವ ಮಾತಿಗೆ ಬೇರೆಯೇ ತೂಕ ಬರುತ್ತದೆ. ವಿಮೆ ಕಳೆದುದನ್ನು ತುಂಬಿಕೊಡಬಹುದು. ಕಳೆಯದಂತೆ ಕಾಯುವುದು ನೆರೆಯವರ ಕೆಲಸ. ಆ ಕೆಲಸವನ್ನು ಕೂಡಿ ಮಾಡಿದರೆ ಹೊರೆ ಹಗುರವಾದೀತು. ಮಾಡದೆ ಹೋದರೆ ಅದನ್ನು ವರ್ಷವರ್ಷವೂ ಒಬ್ಬೊಬ್ಬರಾಗಿ ಹೊರಬೇಕಾಗುತ್ತದೆ.